ನಿಂತುಹೋದ ಹಾರನ್

ಹೆಣ ಮೊದಲು ಸಿಕ್ಕಿದ್ದು ನನ್ನ ಬೂಟಿಗೆ.

ಗಾಳಿ ತಪ್ಪಿಸಿ ಸಿಗರೇಟು ಹಚ್ಚೋಣವೆಂದು ಬಂಡೆಯ ಮರೆಗೆ ಹೋಗಿದ್ದೆ. ಕಾಲಿಗೆ ಏನೋ ತೊಡರಿತು. ಬಗ್ಗಿ, ಗಾಳಿ ತಂದು ಗುಡ್ಡೆ ಹಾಕಿದ್ದ ಹಿಮ ಕೆರೆದೆ. ಮೊದಲು ಕಂಬಳಿ ಕಂಡಿತು. ಆಮೇಲೆ ಗಡ್ಡ.

"ಸಾರ್, ಸಿಕ್ಕಿದ!"

ಎರಡು ಮೂರು ಸಲ ಅರಚಬೇಕಾಯಿತು. ನಮ್ಮಲ್ಲಿ ಜುಲೈ ಅಂದರೆ ಕಡು ಚಳಿಗಾಲ; ಮಫೀಕಾ ಘಾಟಿಯ ತುದಿಯಲ್ಲಿ ಆ ತಿಂಗಳ ಗಾಳಿಗೆ ಮನುಷ್ಯರ ದನಿ ಲೆಕ್ಕಕ್ಕಿಲ್ಲ.

ಇನ್ಸ್‌ಪೆಕ್ಟರ್ ಮಖೇಥಾ ಹಿಮದಿಂದ ಕಾಲು ಕಿತ್ತು ಕಿತ್ತು ಇಡುತ್ತ ಬಂದರು. ಯೂನಿಫಾರ್ಮಿನ ಮೇಲೆ ಕಂದು ಕಂಬಳಿ ಹೊದ್ದು, ಬಲ ಭುಜದ ಮೇಲೆ ಪಿನ್ನು ಸಿಕ್ಕಿಸಿದ್ದರು.

"ಮೊಯೇಟಿ, ನಿನ್ನ ಕರ್ಕೊಂಡು ಬಂದಿದ್ದು ಜೀಪ್ ಓಡ್ಸೋಕೆ. ನನ್ನ ಕೆಲಸಕ್ಕೇ ಕೈ ಹಾಕ್ತೀಯಲ್ಲಯ್ಯ."

"ಕೈಯಲ್ಲ ಸಾರ್, ಕಾಲು."

ಅವರು ನಗಲಿಲ್ಲ. ನಾನೂ ನಗುವ ಸ್ಥಿತಿಯಲ್ಲಿರಲಿಲ್ಲ. ಸತ್ತವನು ತ್ಲಾಲಿ. ಈ ದಾರಿಯ ಟ್ಯಾಕ್ಸಿ ವ್ಯಾನಿನ ಡ್ರೈವರು. ಮೊನ್ನೆಯಷ್ಟೇ ಮೊಖೋಟ್ಲಾಂಗ್ ಸ್ಟ್ಯಾಂಡಿನಲ್ಲಿ ಇಬ್ಬರೂ ಒಂದೇ ತಟ್ಟೆಯಲ್ಲಿ ಮೆಕ್ಕೆಜೋಳದ ಮುದ್ದೆ ತಿಂದಿದ್ದೆವು. ದೊಡ್ಡ ತುಂಡು ಮಾಂಸ ನನ್ನ ಕಡೆಗೇ ತಳ್ಳಿದ್ದ.

ಹಣೆಯಲ್ಲಿ ಗಾಯ. ರಕ್ತ ಕಪ್ಪಾಗಿ ಗಡ್ಡೆ ಕಟ್ಟಿತ್ತು. ಪಕ್ಕದಲ್ಲಿ ಸಲಿಕೆ. ಕಂಬಳಿಯನ್ನು ಕುತ್ತಿಗೆಯವರೆಗೂ ಬೆಚ್ಚಗೆ ಸುತ್ತಿ ಎದೆಯ ನಡುವೆ ಪಿನ್ನು ಹಾಕಿತ್ತು. ಮಖೇಥಾ ಪಿನ್ನು ಬಿಚ್ಚಿ ಕಂಬಳಿ ಸರಿಸಿದರು. ಒಳಗೆ ಕೋಟಿನ ಮೇಲೆಲ್ಲ ದಪ್ಪಗೆ ಹಿಮ ಹೆಪ್ಪುಗಟ್ಟಿತ್ತು. ಅದನ್ನೇ ಬಹಳ ಹೊತ್ತು ನೋಡಿದರು. ಕೋಟಿನ ಜೇಬಿನಲ್ಲಿ ವ್ಯಾನಿನ ಕೀಲಿ ಸಿಕ್ಕಿತು. ಕಂಬಳಿಯನ್ನು ಮತ್ತೆ ಮೊದಲಿನ ಹಾಗೆಯೇ ಹೊದಿಸಿ ಎದ್ದರು.

"ಪಾಪ, ರಸ್ತೆಯಿಂದ ಎಷ್ಟು ದೂರ ಬಂದಿದಾನೆ ನೋಡು," ಎಂದರು.

ದೂರವೇನೂ ಇರಲಿಲ್ಲ. ಒಂದು ಕಲ್ಲೆಸೆತ. ಅಲ್ಲಿಂದಲೇ ಅವನ ಬಿಳಿ ವ್ಯಾನು ಕಾಣುತ್ತಿತ್ತು.

*

ವ್ಯಾನಿನ ಹತ್ತಿರ ಇಬ್ಬರಿದ್ದರು.

ಒಬ್ಬ ಪಿಟ್ಸೊ. ಕುರಿ ಉಣ್ಣೆ ಕತ್ತರಿಸುವ ಕೆಲಸದವನು, ಮೂವತ್ತರ ಒಳಗಿನ ಪ್ರಾಯ. ಬೆಳಿಗ್ಗೆ ಗುಡ್ಡದ ನೆತ್ತಿ ಹತ್ತಿ ಸಿಗ್ನಲ್ ಹುಡುಕಿ, ಡ್ರೈವರು ಕಾಣೆಯಾಗಿದ್ದಾನೆ ಎಂದು ನಮಗೆ ಫೋನು ಮಾಡಿದವನು ಇವನೇ. ತುಟಿ ಒಡೆದು ಊದಿಕೊಂಡಿತ್ತು.

ಇನ್ನೊಬ್ಬಳು ಮುಂದಿನ ಸೀಟಿನಲ್ಲಿ ಕೂತಿದ್ದ ಹೆಂಗಸು. ಐವತ್ತು ದಾಟಿರಬೇಕು. ಬೂದು ಕಂಬಳಿಯನ್ನು ಎದೆಯ ಮೇಲೆ ಪಿನ್ನು ಹಾಕಿ ಬಿಗಿದುಕೊಂಡಿದ್ದಳು. ಹೆಸರು ಕೇಳಿದರೆ "ಮಾಕಬೆಲೊ" ಅಂದಳು, ಅಷ್ಟೇ. ಆ ಹೆಸರು ಕೇಳಿ ಮಖೇಥಾ ತಲೆಯೆತ್ತಿ ಆಕೆಯನ್ನೊಮ್ಮೆ ಸರಿಯಾಗಿ ನೋಡಿದರು.

"ನಿನ್ನ ತುಟಿಗೆ ಏನಾಯ್ತಪ್ಪ?" ಎಂದು ಪಿಟ್ಸೊನನ್ನು ಕೇಳಿದರು.

"ತ್ಲಾಲಿ ಹೊಡೆದ ಸಾರ್. ಮೊದ್ಲು ಕುತ್ತಿಗೆಪಟ್ಟಿ ಹಿಡಿದಿದ್ದು ನಾನೇ, ಸುಳ್ಳು ಹೇಳಲ್ಲ."

"ಯಾಕೆ?"

"ನಿನ್ನೆ ಇಲ್ಲಿಗೆ ಬರೋ ಹೊತ್ತಿಗೆ ಕಣ್ಣೇ ಕಾಣ್ತಿರ್ಲಿಲ್ಲ. ಚಕ್ರ ಹೂತ್ಕೊಂಡ್ತು. ಅಗೆದು ತೆಗೆದ್ವಿ. ಹಿಂದಕ್ಕೆ ತಿರುಗ್ಸು ಮಾರಾಯ, ಊರಿಗೆ ಹೋಗೋಣ ಅಂದೆ. ಜಪ್ಪಯ್ಯ ಅಂದ್ರೂ ಒಪ್ಲಿಲ್ಲ. 'ಒಂದ್ಸಲ ತಿರುಗ್ಸಿದ್ದೆ, ಮುಂದೆ ನಡೀತಿದ್ದ ಹುಡುಗನ್ನ ಇಲ್ಲೇ ಬಿಟ್ಟು ಹೋದೆ, ಇನ್ನೊಂದ್ಸಲ ತಿರುಗ್ಸಲ್ಲ' ಅಂತ ಅತ್ತುಬಿಟ್ಟ. ಗಂಡಸು ಸಾರ್, ಸ್ಟೇರಿಂಗ್ ಮೇಲೆ ತಲೆ ಇಟ್ಟು ಅತ್ತ. ನಂಗೆ ತಲೆ ಕೆಟ್ಟು ಕೈ ಹಾಕಿದೆ. ಆಮೇಲೆ ಬೈಕೊಂಡು ಇಳಿದೆ. ಅಗೋ ಅಲ್ಲಿ ಕುರುಬರ ಕಲ್ಲಿನ ಗುಡಿಸಲು. ಅಲ್ಲೇ ಮಲಗಿದ್ದೆ."

"ಯಾರಿದ್ರು ಅಲ್ಲಿ?"

"ಚಳಿಗಾಲದಲ್ಲಿ ಯಾರಿರ್ತಾರೆ? ನಾನು, ಇಲಿ."

"ಆಮೇಲೆ ಏನಾದ್ರೂ ಕೇಳಿಸ್ತಾ?"

"ಕತ್ತಲಾದ ಮೇಲೆ ಈ ವ್ಯಾನಿನ ಹಾರನ್ ಕೇಳಿಸ್ತು. ಬಿಟ್ಟು ಬಿಟ್ಟು ಒತ್ತುತ್ತಾ ಇದ್ರು. ಆಮೇಲೆ ನಿಂತೋಯ್ತು. ನನ್ನ ಬಿಟ್ಟು ಹೊರಟೇಬಿಟ್ರು ಅಂತ ಮತ್ತೆ ಬೈಕೊಂಡೆ."

ಮಖೇಥಾ ಹೆಂಗಸಿನ ಕಡೆ ತಿರುಗಿದರು. "ನೀವೇನು ನೋಡಿದ್ರಿ ಅಮ್ಮಾ?"

"ನಂಗೆ ನಿದ್ದೆ ಬಂದಿತ್ತು. ಅವನು ಇಳಿದು ಹೋದ. ಬರ್ಲಿಲ್ಲ. ನಾನು ವ್ಯಾನ್ ಬಿಟ್ಟು ಇಳಿದೇ ಇಲ್ಲಪ್ಪ."

ಮಖೇಥಾ ಕೀಲಿಯನ್ನು ನನ್ನತ್ತ ಎಸೆದರು. "ಸ್ಟಾರ್ಟ್ ಮಾಡು."

ಇಂಥ ಚಳಿಯಲ್ಲಿ ರಾತ್ರಿಯಿಡೀ ನಿಂತ ಹಳೇ ಗಾಡಿ. ಜನ್ಮ ಜಾಲಾಡಿಸುತ್ತೆ ಅಂದುಕೊಂಡೆ. ಒಂದೇ ತಿರುವಿಗೆ ಎದ್ದು ನಿಂತಿತು. ಹಾರನ್ ಒತ್ತಿದೆ. ಕಿವಿ ಕಿತ್ತುಹೋಗುವಷ್ಟು ಜೋರು.

"ಒಳ್ಳೇ ಬ್ಯಾಟರಿ ಸಾರ್!"

"ಹೌದು. ಬಹಳ ಒಳ್ಳೇ ಬ್ಯಾಟರಿ." ಆ ದನಿಯಲ್ಲಿ ಖುಷಿಯಿರಲಿಲ್ಲ. "ಪಿಟ್ಸೊಗೆ ಬೇಡಿ ಹಾಕು."

ನನಗೂ ಅದೇ ಸರಿಯೆನಿಸಿತ್ತು. ಜಗಳ ಇವನದು, ತುಟಿ ಇವನದು, ಅಲ್ಲಿ ಹಣೆ ಒಡೆದಿದೆ. ಇನ್ನೇನು ಬೇಕು? ಪಿಟ್ಸೊ ಒದ್ದಾಡಲಿಲ್ಲ. ಬೇಡಿ ಬಿದ್ದ ಕೈಗಳನ್ನು ನೋಡಿಕೊಂಡು, "ನಮ್ಮಮ್ಮ ನಿನ್ನೆಯಿಂದ ಬಾಗಿಲಲ್ಲೇ ಕೂತಿರ್ತಾಳೆ ಸಾರ್. ಅವಳಿಗೆ ಯಾರು ಹೇಳ್ತಾರೆ?" ಎಂದು ಕೇಳಿದ.



*

ತ್ಲಾಲಿಯನ್ನು ಜೀಪಿನ ಹಿಂಭಾಗದಲ್ಲಿ ಟಾರ್ಪಾಲು ಹೊದಿಸಿ ಮಲಗಿಸಿದೆವು. ಅವನ ಪಕ್ಕ ಪಿಟ್ಸೊ. ಮುಂದೆ ನಾನು, ಮಧ್ಯದಲ್ಲಿ ಮಖೇಥಾ, ಕಿಟಕಿಯ ಕಡೆ ಮಾಕಬೆಲೊ. ಮಧ್ಯಾಹ್ನ ಘಾಟಿ ಇಳಿಯತೊಡಗಿದೆವು.

ಎರಡನೇ ತಿರುವಿನಲ್ಲೇ ಹಿಮ ಮತ್ತೆ ಶುರುವಾಯಿತು. ಬೀಳುವ ಹಿಮ ಅಲ್ಲ, ಅಡ್ಡಕ್ಕೆ ಬಡಿಯುವ ಹಿಮ. ವೈಪರ್‌ಗಳು ಕಿರುಗುಟ್ಟಿ ಸುಸ್ತಾದವು. ಮೊದಲ ಗೇರಿನಲ್ಲಿ, ಬ್ರೇಕಿಗೆ ಕಾಲು ತಾಗಿಸದೆ ಇಳಿಸುತ್ತಿದ್ದೆ. ಈ ಘಾಟಿಯಲ್ಲಿ ಬ್ರೇಕ್ ನಂಬಿದವರನ್ನೆಲ್ಲ ಕೆಳಗಿನ ಹೊಳೆಯಿಂದ ಎತ್ತಿದ್ದೇವೆ. ಎಡಕ್ಕೆ ಗೋಡೆಯಂಥ ಗುಡ್ಡ, ಬಲಕ್ಕೆ ಏನೂ ಇಲ್ಲ.

"ಅವನ ಬೇಡಿ ಬಿಚ್ಚಪ್ಪ," ಎಂದಳು ಮಾಕಬೆಲೊ ಇದ್ದಕ್ಕಿದ್ದಂತೆ. "ಅವನು ಏನೂ ಮಾಡಿಲ್ಲ."

"ಗೊತ್ತು," ಎಂದರು ಮಖೇಥಾ.

ನಾನು ರಸ್ತೆಯಿಂದ ಕಣ್ಣು ತೆಗೆದು ಅವರ ಮುಖ ನೋಡಿದೆ. "ರಸ್ತೆ ನೋಡಯ್ಯ," ಎಂದು ಗದರಿದರು. ಆಮೇಲೆ ಮೆಲ್ಲನೆ ಮಾತಾಡಿದರು.

"ನೀವಾಗೇ ಬಾಯಿ ಬಿಡ್ತೀರೇನೋ ಅಂತ ಅವನಿಗೆ ಬೇಡಿ ಹಾಕಿಸ್ದೆ. ತಪ್ಪೇ, ಅವನ ಹತ್ರ ಕ್ಷಮೆ ಕೇಳ್ತೀನಿ. ಅಮ್ಮಾ, ತ್ಲಾಲಿ ಕಂಬಳಿ ಕೆಳಗೂ ಹಿಮ ಇತ್ತು. ಅಂದ್ರೆ ಬಿದ್ದಾಗ ಅವನ ಮೈಮೇಲೆ ಕಂಬಳಿ ಇರ್ಲಿಲ್ಲ. ಸಲಿಕೆ ಹಿಡಿಯೋಕೆ ಅಡ್ಡಿ ಅಂತ ಸೀಟಿನ ಮೇಲೆ ಬಿಟ್ಟು ಇಳಿದಿದ್ದ. ಹೊದಿಸಿದ್ದು ಆಮೇಲೆ. ಯಾರು? ಗಂಡಸಾಗಿದ್ರೆ ಅವನ ಕೈ ತಾನಾಗೇ ಬಲ ಭುಜಕ್ಕೆ ಹೋಗ್ತಿತ್ತು. ನನ್ನ ಪಿನ್ನು ನೋಡಿ, ಮೊಯೇಟಿದು ನೋಡಿ, ಪಿಟ್ಸೊದು ನೋಡಿ. ತ್ಲಾಲಿ ಪಿನ್ನು ಎದೆ ಮೇಲಿತ್ತು. ನಿಮ್ಮ ಪಿನ್ನಿನ ಹಾಗೆ."

ಗಾಡಿ ಸ್ವಲ್ಪ ಜಾರಿತು. ಗುಡ್ಡದ ಕಡೆಗೆ ಎಳೆದುಕೊಂಡೆ. ನಾನೂ ಆ ಪಿನ್ನು ನೋಡಿದ್ದೆ. ಹುಟ್ಟಿದಾಗಿನಿಂದ ಹೆಂಗಸರ ಎದೆಯ ಮೇಲೆ ನೋಡಿದ್ದನ್ನೇ ಅವನ ಎದೆಯ ಮೇಲೂ ನೋಡಿ ಸುಮ್ಮನಿದ್ದೆ.

"ಆದ್ರೆ ಹೊದಿಸೋದು ಅಪರಾಧ ಅಲ್ಲ," ಮಖೇಥಾ ಮುಂದುವರಿಸಿದರು. "ಬ್ಯಾಟರಿ ಇದೆಯಲ್ಲ, ಅದು ಬೇರೆ ಕಥೆ ಹೇಳ್ತು. ಇಂಥ ಹಿಮದಲ್ಲಿ ದಾರಿ ಅಂಚು ಹುಡುಕೋಕೆ ಇಳಿಯೋ ಡ್ರೈವರು ಗಾಡಿ ದೀಪ ಆರಿಸಲ್ಲ. ಒಳಗಿರೋರಿಗೆ ಹಾರನ್ ಒತ್ತುತ್ತಾ ಇರು ಅಂತ ಹೇಳಿ ಇಳೀತಾನೆ. ದೀಪ, ಹಾರನ್, ಇವೆರಡನ್ನೇ ನಂಬ್ಕೊಂಡು ವಾಪಸ್ ಬರ್ತಾನೆ. ಎಂಜಿನ್ ಆರಿತ್ತು, ಕೀಲಿ ಅವನ ಜೇಬಲ್ಲಿತ್ತು. ರಾತ್ರಿಯೆಲ್ಲ ದೀಪ ಉರಿದಿದ್ರೆ ಬೆಳಿಗ್ಗೆ ಬ್ಯಾಟರಿ ಸತ್ತಿರ್ತಿತ್ತು. ಯಾರೋ ದೀಪ ಆರಿಸಿದ್ರು. ಹಾರನ್ ನಿಲ್ಲಿಸಿದ್ರು. ನಿಂತಿದ್ದನ್ನ ಪಿಟ್ಸೊ ಕೇಳಿಸ್ಕೊಂಡಿದಾನೆ. ಹಣೆ ಗಾಯ ಯಾರೂ ಹೊಡೆದಿದ್ದಲ್ಲ, ಕತ್ತಲಲ್ಲಿ ಸುತ್ತಿ ಸುತ್ತಿ ಬಂಡೆಗೆ ಬಡಿದಿದ್ದು. ಆವಾಗ ವ್ಯಾನಲ್ಲಿ ಇದ್ದೋರು ನೀವೊಬ್ರೇ."

ಮಾಕಬೆಲೊ ಗಾಜಿನಾಚೆ ನೋಡುತ್ತಿದ್ದಳು. ಅಲ್ಲಿ ನೋಡುವುದಕ್ಕೆ ಬಿಳಿ ಬಿಟ್ಟು ಇನ್ನೇನೂ ಇರಲಿಲ್ಲ.

"ಯಾಕೆ ಅಂತ ನಾನು ಕೇಳೋ ಹಾಗೇ ಇಲ್ಲ," ಎಂದರು ಮಖೇಥಾ. "ಹೋದ ವರ್ಷ ಹಿಮ ಕರಗಿದಾಗ ಈ ಘಾಟಿಯಿಂದ ಒಬ್ಬ ಹುಡುಗನ ಹೆಣ ಎತ್ತಿದ್ದು ನಾನೇ. ತ್ಲಾಲಿ ವ್ಯಾನಿನ ಕಂಡಕ್ಟರು, ಕಬೆಲೊ. ಮಾಕಬೆಲೊ ಅಂದ್ರೆ ಕಬೆಲೊನ ಅಮ್ಮ, ನಿಮ್ಮ ಹೆಸರಲ್ಲೇ ಅವನಿದಾನೆ. ತ್ಲಾಲಿ ಒಂದು ಮಾತು ಹೆಸರು ಕೇಳಿದ್ರೆ ಸಾಕಿತ್ತು."

"ಕೇಳ್ಲಿಲ್ಲ," ಎಂದಳು ಆಕೆ. "ದಾರಿಯುದ್ದಕ್ಕೂ ಅಮ್ಮಾ ಅಮ್ಮಾ ಅಂದ. ತನ್ನ ಟೀ ನಂಗೆ ಕೊಟ್ಟ. ಹೆಸರು ಕೇಳ್ಲಿಲ್ಲ."

ಆಕೆ ಬೂದು ಕಂಬಳಿಯನ್ನು ಇನ್ನಷ್ಟು ಬಿಗಿದುಕೊಂಡಳು.

"ನನ್ನ ಮಗ ತಾನೇ ಇಳಿದು ಹೋದ ಅಂತ ಎಲ್ಲರಿಗೂ ಹೇಳಿದ್ದ ಇವನು. ಅವತ್ತು ಬೆಳಿಗ್ಗೆ ನಾನು ಹುಡುಗನಿಗೆ ಬೈದಿದ್ದೆ, ಬೂಟು ಒದ್ದೆ ಮಾಡ್ಕೊಂಡು ಬಂದ ಅಂತ. ಅದೇ ಸಿಟ್ಟಿಗೆ ಮನೆಗೆ ಬರದೆ ಹೋದ ಅಂದ್ಕೊಂಡಿದ್ದೆ. ಎಷ್ಟು ರಾತ್ರಿ ಆ ಬೂಟಿನ ಮಾತಿಗೆ ನನ್ನ ಬಾಯಿಗೆ ನಾನೇ ಹೊಡ್ಕೊಂಡಿದೀನಿ. ನಿನ್ನೆ ತಿಳೀತು. ಗಾಡಿ ಮುಂದೆ ದಾರಿ ತೋರಿಸ್ತಾ ನಡೀತಿದ್ನಂತೆ. ಇವನು ಹೆದರಿ ಗಾಡಿ ತಿರುಗಿಸ್ದನಂತೆ."

"ಆಮೇಲೆ?"

"ಹಾರನ್ ಒತ್ತುತ್ತಾ ಇರಮ್ಮಾ, ನಿಲ್ಲಿಸ್ಬೇಡ ಅಂದ. ಒತ್ತಿದೆ. ಒತ್ತುತ್ತಾ ಒತ್ತುತ್ತಾ ನನ್ನ ಮಗನಿಗೆ ಯಾರೂ ಒತ್ತಲಿಲ್ವಲ್ಲ ಅನ್ನಿಸ್ತು. ಸ್ವಲ್ಪ ಹೊತ್ತು ಇವನಿಗೂ ತಿಳೀಲಿ ಅಂತ ಕೈ ತೆಗೆದೆ. ದೀಪ ಆರಿಸ್ದೆ. ಸಾಯ್ಲಿ ಅಂತ ಅಲ್ಲಪ್ಪ, ತಿಳೀಲಿ ಅಂತ. ಮತ್ತೆ ಒತ್ತೋಣ ಅಂತ ಕೈ ಇಟ್ಟೆ. ಬೆರಳು ಬಗ್ಗಲಿಲ್ಲ. ಒಂದ್ಸಲ ಅಮ್ಮಾ ಅಂತ ಕೂಗಿದ್ದು ಕೇಳಿಸ್ತು. ಅದಕ್ಕೂ ಬಗ್ಗಲಿಲ್ಲ." ಆಕೆ ತನ್ನ ಬಲಗೈಯನ್ನು ಯಾರದೋ ಕೈ ಎಂಬಂತೆ ನೋಡಿಕೊಂಡಳು. "ಬೆಳಕಾದ ಮೇಲೆ ಹುಡುಕ್ಕೊಂಡು ಹೋದೆ. ಚಳಿಯಾಗುತ್ತೆ ಅಂತ ಹೊದಿಸ್ದೆ."

ಸತ್ತವನಿಗೆ ಚಳಿಯೇನು ಎಂದು ನಾವು ಯಾರೂ ಕೇಳಲಿಲ್ಲ. ನನಗೆ ತ್ಲಾಲಿಯ ಮೇಲೆ ಸಿಟ್ಟು ಬಂತು. ಆಕೆಯ ಮೇಲೂ ಬಂತು. ಎರಡೂ ಸಿಟ್ಟು ನಿಲ್ಲಲಿಲ್ಲ. ಕಣ್ಣೆದುರು ದಾರಿ ಮಂಜಾಯಿತು. ಹಿಮಕ್ಕೆ ಬೈದೆ.

*

ಕೆಳಗಿನ ದೊಡ್ಡ ತಿರುವಿನಲ್ಲಿ ಜೀಪು ನಿಲ್ಲಿಸಿಬಿಟ್ಟೆ. ಅಂಚಿನ ಕಲ್ಲುಗಳೂ ಮುಚ್ಚಿಹೋಗಿದ್ದವು. "ಸಾರ್, ಯಾರಾದ್ರೂ ಮುಂದೆ ನಡೀಬೇಕು. ಇಲ್ಲಾಂದ್ರೆ ಆಗಲ್ಲ."

ಮಖೇಥಾ ಮಾಕಬೆಲೊಳನ್ನು ದಾಟಿ ಬಾಗಿಲಿಗೆ ಕೈ ಚಾಚಿದರು. ಹಿಂದಿನಿಂದ ಪಿಟ್ಸೊ ಅಂದ, "ನಿಮ್ಮ ಮಂಡಿ ಸರಿ ಇಲ್ಲ ಸಾರ್, ಆವಾಗ್ಲೇ ನೋಡಿದೆ. ನನ್ನ ಬೇಡಿ ಬಿಚ್ಚಿ."

ಬಿಚ್ಚಿದರು. ಕ್ಷಮೆಯನ್ನೂ ಕೇಳಿದರು. ಪಿಟ್ಸೊ ಅದನ್ನು ಕೇಳಿಸಿಕೊಂಡನೋ ಇಲ್ಲವೋ, ಸಲಿಕೆ ಹಿಡಿದು ಮುಂದೆ ಹೋಗಿ ನಡೆಯತೊಡಗಿದ. ನಾಲ್ಕು ಹೆಜ್ಜೆಗೆ ಮಾಯವಾದ.

ನಾನು ಹಾರನ್ನಿಗೆ ಕೈ ಹಾಕುವ ಮುಂಚೆಯೇ ಮಾಕಬೆಲೊ ಕಿಟಕಿಯ ಗಾಜು ಇಳಿಸಿದಳು. ಹಿಮ ಒಳಗೆ ನುಗ್ಗಿತು. ಅರ್ಧ ಮೈ ಹೊರಗೆ ಹಾಕಿ ಕೂಗಿದಳು.

"ಪಿಟ್ಸೊ! ಇದೀಯೇನಪ್ಪಾ?"

"ಇದೀನಮ್ಮಾ!"

ದನಿ ಬಂದ ಕಡೆಗೆ ಜೀಪು ಹರಿಸಿದೆ. ಆಕೆ ಮತ್ತೆ ಕೂಗಿದಳು. ಅವನು ಮತ್ತೆ ಓಗೊಟ್ಟ. ಹೀಗೇ ತಿರುವಿನ ಮೇಲೆ ತಿರುವು ಇಳಿದೆವು. ಆಕೆಯ ತಲೆವಸ್ತ್ರ ಬೆಳ್ಳಗಾಯಿತು. ದನಿ ಒಡೆಯಿತು. "ಸಾಕಮ್ಮಾ, ಇನ್ನು ನಾನು ಕೂಗ್ತೀನಿ," ಎಂದರು ಮಖೇಥಾ. ಆಕೆ ತಲೆಯಾಡಿಸಿ ಮತ್ತೆ ಕೂಗಿದಳು.

ಕಣಿವೆಯ ಊರಿನ ದೀಪಗಳು ಕಂಡ ಮೇಲೆ ಪಿಟ್ಸೊ ಬಂದು ಹಿಂದೆ ಹತ್ತಿ ಕೂತ. ಹಲ್ಲು ಕಟಕಟ ಅನ್ನುತ್ತಿತ್ತು. "ಮುಗೀತಮ್ಮಾ, ಗಾಜು ಏರಿಸಿ," ಎಂದೆ.

ಆಕೆ ಏರಿಸಲಿಲ್ಲ. ನಾವು ಇಳಿದು ಬಂದ ಘಾಟಿಯ ಕಡೆ ಮುಖ ತಿರುಗಿಸಿ, ಉಳಿದ ದನಿಯನ್ನೆಲ್ಲ ಸೇರಿಸಿ ಇನ್ನೊಂದೇ ಒಂದು ಸಲ ಕೂಗಿದಳು.

"ಕಬೆಲೊ! ಇದೀಯೇನಪ್ಪಾ?"

ನಾನು ಬ್ರೇಕ್ ಒತ್ತಿದೆ. ಮಖೇಥಾ ಕಣ್ಣು ಮುಚ್ಚಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಹಿಂದಿನಿಂದ ಪಿಟ್ಸೊ ಮೆಲ್ಲಗೆ ಓಗೊಟ್ಟ.

"ಇದೀನಮ್ಮಾ."