ಮದುವಣಗಿತ್ತಿ ತೊಳೆದ ಸರಪಳಿ

ಬೆಟ್ಟಗಳಿಗೆ ಇನ್ನೂ ಹೆಸರಿಟ್ಟಿರದ ಕಾಲದಲ್ಲಿ, ನದಿಗಳು ತಮಗೆ ಬೇಕಾದ ಕಡೆಗೆ ಹರಿಯುತ್ತಿದ್ದ ಕಾಲದಲ್ಲಿ, ಹೊಂಗಿರಿ ಎಂಬ ರಾಜ್ಯವಿತ್ತು. ಅದನ್ನು ಧವಳರಾಯನೆಂಬ ರಾಜ ಆಳುತ್ತಿದ್ದ. ಅವನ ಎಡಗೈ ಮಣಿಕಟ್ಟಿನಲ್ಲಿ ಒಂದು ಗಡಿಯಾರವಿತ್ತು. ಅಂಥದ್ದು ಲೋಕದಲ್ಲಿ ಇನ್ನೊಂದಿರಲಿಲ್ಲ. ರಾಜನ ನಾಡಿ ಬಡಿದರೆ ಗಡಿಯಾರ ನಡೆಯುತ್ತಿತ್ತು, ಗಡಿಯಾರ ನಡೆದರೆ ಹೊಂಗಿರಿಯಲ್ಲಿ ಹೊತ್ತು ನಡೆಯುತ್ತಿತ್ತು. ಕೋಳಿ ಕೂಗುವುದು, ಮೊಗ್ಗು ಬಿರಿಯುವುದು, ಹಾಲು ಹೆಪ್ಪಾಗುವುದು ಎಲ್ಲವೂ ಅದರ ಲೆಕ್ಕಕ್ಕೇ.

ಆ ಗಡಿಯಾರವನ್ನು ಕೈಗೆ ಬಿಗಿದು ಹಿಡಿದಿದ್ದದ್ದು ಒಂದು ಪಂಚಲೋಹದ ಸರಪಳಿ. ಹೊಂಗಿರಿಯ ಮೊದಲ ರಾಜನಿಗೆ ಊರೂರಿನ ಕಂಚುಗಾರರು ಒಂದೊಂದು ಕೊಂಡಿ ಮಾಡಿ ಕೊಟ್ಟಿದ್ದರು. ಕೊಂಡಿಗೆ ಕೊಂಡಿ ಜೋಡಿಸಿ, ನಡುವೆ ಸಣ್ಣ ಸಣ್ಣ ಕಡ್ಡಿ ತೂರಿಸಿ ಅದನ್ನು ಕಟ್ಟಿದ್ದರು. ಬೇರೆ ಯಾವುದರಲ್ಲಿ ಕಟ್ಟಿದರೂ ಗಡಿಯಾರ ನಡೆಯುತ್ತಿರಲಿಲ್ಲ.

ಧವಳರಾಯ ಪಟ್ಟಕ್ಕೆ ಬಂದ ಹೊಸದರಲ್ಲಿ ಒಬ್ಬ ಸನ್ಯಾಸಿ ಅರಮನೆಗೆ ಬಂದ. ಅವನ ಕಣ್ಣು ಕಿಲುಬು ಹಿಡಿದ ತಾಮ್ರದ ಹಾಗೆ ಹಸಿರಾಗಿತ್ತು. "ಪ್ರಭು, ಈ ಸರಪಳಿಯನ್ನು ಎಂದೂ ತೊಳೆಯಬೇಡ. ಕೊಳೆಯ ಜೊತೆಗೆ ನಿನ್ನ ಭಾಗ್ಯವೂ ತೊಳೆದುಹೋದೀತು" ಎಂದು ಹೇಳಿ ಹೋದ. ರಾಜ ಒಳ್ಳೆಯವನು, ಕೊಂಚ ಅಂಜುಬುರುಕ. ನಂಬಿಬಿಟ್ಟ. ಬೆವರು, ಗಂಧ, ಎಣ್ಣೆ, ಕುದುರೆ ಸವಾರಿಯ ಧೂಳು ಎಲ್ಲ ಕೊಂಡಿಗಳ ಸಂದಿಗೆ ಸೇರಿ ಕಪ್ಪು ಮೇಣದಂತೆ ಗಟ್ಟಿಯಾಯಿತು. ಆ ಕೊಳೆಯೊಳಗಿನ ಮರಳು ಕಡ್ಡಿಗಳನ್ನು ಹಗಲಿರುಳು ಅರೆಯಿತು. ಕಡ್ಡಿ ಸವೆಯಿತು, ತೂತು ದೊಡ್ಡದಾಯಿತು, ಸರಪಳಿ ಸಡಿಲವಾಯಿತು. ಗಡಿಯಾರ ಒಮ್ಮೆ ಅಂಗೈಗೆ ಜಾರುವುದು, ಒಮ್ಮೆ ಮೊಣಕೈಗೆ ಏರುವುದು. ನಾಡಿನಲ್ಲಿ ಮಧ್ಯಾಹ್ನ ಎರಡೆರಡು ಸಲ ಬರತೊಡಗಿತು. ಮಕ್ಕಳು ಎರಡೆರಡು ಸಲ ಉಂಡು ಖುಷಿಯಾಗಿದ್ದರು, ದೊಡ್ಡವರು ತಲೆ ಕೆರೆದುಕೊಂಡರು.

ಅದೇ ಊರಿನಲ್ಲಿ ಕೇದಗೆ ಎಂಬ ಹುಡುಗಿ ಇದ್ದಳು. ಜೇನು ಬಿಡಿಸುವವರ ಮಗಳು. ಅವಸರಕ್ಕೆ ಇನ್ನೊಂದು ಹೆಸರೇ ಅವಳು. ಕುದಿಯುವ ಸಾರನ್ನೇ ಬಾಯಿಗೆ ಹಾಕಿಕೊಂಡು ನಾಲಿಗೆ ಸುಟ್ಟುಕೊಳ್ಳುತ್ತಿದ್ದಳು. "ಬೇಯೋತನಕ ಇದ್ದವಳಿಗೆ ಆರೋತನಕ ಇರೋಕಾಗಲ್ವೇನೇ?" ಎಂದು ತಾಯಿ ಬೈಯುತ್ತಿದ್ದಳು. ಇಂಥ ಕೇದಗೆ ಮನಸ್ಸು ಕೊಟ್ಟದ್ದು ಯಾರಿಗೆ? ಚೆನ್ನಿಗನಿಗೆ. ಅವನು ಕಂಚುಗಾರ. ಒಂದು ಗಿಂಡಿಗೆ ಮೆರುಗು ಕೊಡಲು ಕುಳಿತರೆ ಊಟದ ನೆನಪೂ ಇಲ್ಲದವನು. ಇವಳು ಗಾಳಿ, ಅವನು ಬಂಡೆ ಎಂದು ಊರವರು ನಗುತ್ತಿದ್ದರು. ಅವರಿಬ್ಬರು ಮಾತ್ರ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು.

ಮದುವೆಯ ದಿನ ಬಂತು. ರಾಜನೂ ಬಂದ. ಊರಿನ ಎಲ್ಲ ಮದುವೆಗೂ ಅವನು ಬರಲೇಬೇಕು, ಮುಹೂರ್ತ ಅವನ ಕೈಯಲ್ಲೇ ಇತ್ತಲ್ಲ! ಅಂತರಪಟದ ಈಚೆಗೆ ಕೇದಗೆ, ಆಚೆಗೆ ಚೆನ್ನಿಗ. ಇಬ್ಬರ ಕೈಯಲ್ಲೂ ಹಾರ. ಇನ್ನೇನು ಮುಹೂರ್ತ ಬಂತು ಎನ್ನುವಾಗ ಹರಸಲೆಂದು ರಾಜ ಕೈ ಎತ್ತಿದ. ಟಣ್ ಎಂದು ಸವೆದ ಕಡ್ಡಿ ಮುರಿಯಿತು. ಗಡಿಯಾರ ರಾಜನ ಮಡಿಲಿಗೆ ಬಿತ್ತು, ಸರಪಳಿ ನೆಲಕ್ಕೆ ಬಿತ್ತು. ಮಸಿಬಣ್ಣದ ಒಂದು ಹದ್ದು ಚಪ್ಪರದೊಳಗೆ ನುಗ್ಗಿ ಸರಪಳಿಯನ್ನು ಕಚ್ಚಿಕೊಂಡು ಮೂಡಣ ದಿಕ್ಕಿಗೆ ಹಾರಿತು.

ಸೂರ್ಯ ಇದ್ದಲ್ಲೇ ನಿಂತ. ಒಲೆಯ ಮೇಲಿನ ಅನ್ನ ಬೇಯಲೊಲ್ಲದು. ಹಸಿದವರ ಹಸಿವು ಹೆಚ್ಚಲೂ ಇಲ್ಲ, ಊಟ ಬರಲೂ ಇಲ್ಲ.

"ಗಡಿಯಾರ ತಣ್ಣಗಾಗ್ತಾ ಇದೆ! ಪೂರ್ತಿ ತಣ್ಣಗಾದರೆ ಇನ್ನು ಏಳೋದಿಲ್ಲ!" ಎಂದು ರಾಜ ಕೂಗಿದ.

ಚೆನ್ನಿಗ ಹಾರ ಬಿಸುಟು ಓಡಿ ಬಂದ. ಗಡಿಯಾರವನ್ನು ರಾಜನ ನಾಡಿಯ ಮೇಲಿಟ್ಟು ಹೆಬ್ಬೆರಳಿಂದ ಒತ್ತಿ ಹಿಡಿದ. ಅದು ನಡೆಯಲಿಲ್ಲ, ಆದರೆ ಬೆಚ್ಚಗುಳಿಯಿತು.

"ನಾನು ಬೆರಳು ತೆಗೆಯೋ ಹಾಗಿಲ್ಲ. ಸರಪಳಿ ತರೋಕೆ ಯಾರಾದರೂ..." ಎಂದು ಅವನು ತಲೆ ಎತ್ತುವಷ್ಟರಲ್ಲಿ ಕೇದಗೆ ಚಪ್ಪರದಾಚೆ ಇದ್ದಳು.

"ಕೇದಗೇ, ಬುತ್ತಿಯಾದರೂ ತಗೊಂಡು ಹೋಗೇ!" ಎಂದು ತಾಯಿ ಕೂಗಿದಳು.

"ಬಂದು ಉಣ್ತೀನವ್ವಾ!"

ಸೀರೆಯ ನೆರಿಗೆ ಎತ್ತಿ ಕಟ್ಟಿ, ಬಾಸಿಂಗವನ್ನೂ ಬಿಚ್ಚದೆ, ಹದ್ದಿನ ನೆರಳು ಹಿಡಿದು ಅವಳು ಓಡಿದಳು. ಹೊಂಗಿರಿಯ ಗಡಿ ದಾಟಿದ ಮೇಲೆ ಹೊತ್ತು ತನ್ನ ಪಾಡಿಗೆ ತಾನು ನಡೆಯುತ್ತಿತ್ತು.

ಮೊದಲು ಸಿಕ್ಕಿದ್ದು ಒಂದು ಬಿಸಿನೀರ ಬುಗ್ಗೆ. ಅದರ ಮುಂದೆ ದಾರಿಗಡ್ಡವಾಗಿ ಗುಡ್ಡದಂಥ ಕೋಣ ನಿಂತಿತ್ತು. ಮೈಮೇಲಿನ ಕೆಸರು ಕಲ್ಲಾಗಿ ಕಾಲು ಎತ್ತಲಾರದೆ ನಿಂತಿತ್ತು.

"ಕೋಣಣ್ಣಾ, ದಾರಿ ಬಿಡು."

"ಕಿಲುಬಾಕ್ಷ ಅನ್ನೋ ಮಾಂತ್ರಿಕನ ಮಂತ್ರದಿಂದ ಹೀಗಾಗಿದ್ದೀನಿ ತಾಯಿ. ಮೈ ತೊಳೆದರೆ ದಾರಿ ಬಿಡ್ತೀನಿ."

ಕೇದಗೆ ಒಂದು ಕಲ್ಲು ತೆಗೆದುಕೊಂಡು ಗರಗರ ಉಜ್ಜಿದಳು. ಕೋಣ ಅಯ್ಯೋ ಎಂದಿತು, ಚರ್ಮ ಸುಲಿದು ರಕ್ತ ಬಂತು, ಕೆಸರು ಹಾಗೇ ಇತ್ತು. "ಅವಸರ ಮಾಡಬೇಡಮ್ಮ. ಮೊದಲು ನೆನೆಸು, ಆಮೇಲೆ ಉಜ್ಜು" ಎಂದಿತು ಕೋಣ. ಅವಳಿಗೆ ನಾಚಿಕೆಯಾಯಿತು. ಬುಗ್ಗೆಯ ನೀರು ಹೊತ್ತು ತಂದು ಸುರಿದಳು. ಅಂಟುವಾಳದ ಕಾಯಿ ಕಿವುಚಿ ನೊರೆ ಬಳಿದಳು. ನೆನೆಯುವ ತನಕ ಸುಮ್ಮನಿರಬೇಕಲ್ಲ, ಅವಳಿಗದು ಬೆಂಕಿಯ ಮೇಲೆ ಕುಳಿತಂತೆ. ಕಡೆಗೆ ತನಗೆ ಬರುವ ಸೋಬಾನೆ ಪದಗಳನ್ನೆಲ್ಲ ಹಾಡತೊಡಗಿದಳು. ಹಾಡು ಮುಗಿಯುವಾಗ ಕೆಸರು ಮಜ್ಜಿಗೆಯ ಹಾಗೆ ಇಳಿದುಹೋಯಿತು. ಕೋಣ ಮೈ ಕೊಡವಿ ಅವಳಿಗೆ ಒಂದು ಸೋರೆಬುರುಡೆ ಕೊಟ್ಟಿತು. "ಇದರ ಬಿಸಿನೀರು ಆರೋದಿಲ್ಲ, ಇದರ ನೊರೆ ಮುಗಿಯೋದಿಲ್ಲ" ಎಂದಿತು.

ಎರಡನೆಯದಾಗಿ ಸಿಕ್ಕಿದ್ದು ಕಿರಿದಾದ ಕಣಿವೆ. ಅಲ್ಲಿ ಒಂದು ಮುಳ್ಳುಹಂದಿ. ಅದರ ಮುಳ್ಳು ಮುಳ್ಳಿನ ನಡುವೆ ಹಲಸಿನ ಮೇಣ ಹತ್ತಿಕೊಂಡು, ಮುಳ್ಳು ಮಡಚಲಾಗದೆ, ಕಣಿವೆಗೆ ಬಿರಡೆಯಂತೆ ಸಿಕ್ಕಿಕೊಂಡಿತ್ತು.

"ಹಂದ್ಯಕ್ಕಾ, ದಾರಿ ಬಿಡು."

"ಸಂದಿ ಸಂದಿ ಬಿಡಿಸಿದರೆ ಬಿಡ್ತೀನಿ ಮಗಳೇ."

ಕೇದಗೆ ತಲೆಯ ಸೂಜಿ ತೆಗೆದು ಒಂದೇ ಸಮನೆ ಕೆದಕಿದಳು. ಮುಳ್ಳಿನ ಮೇಲೆಲ್ಲ ಗೀರು ಬಿತ್ತು. "ಕಬ್ಬಿಣದಿಂದ ಕೆದಕಬೇಡ, ಗೀರಿದ ಕಡೆಯೇ ಮತ್ತೆ ಕೊಳೆ ಕೂರುತ್ತೆ. ನನ್ನದೇ ಒಂದು ಮುಳ್ಳು ತಗೋ" ಎಂದಿತು ಹಂದಿ. ಅವಳು ಬಿಸಿನೀರು ಹನಿಸಿ, ಮುಳ್ಳಿನ ತುದಿಯಿಂದ, ಒಂದಾದ ಮೇಲೆ ಒಂದು ಸಂದಿ ಬಿಡಿಸುತ್ತ ಹೋದಳು. ಕೆಲಸ ಮುಗಿದಾಗ ಮುಳ್ಳುಹಂದಿ ಮುಳ್ಳುಗಳನ್ನು ಜಲ್ಲೆಂದು ಮಡಚಿ ಬಿಚ್ಚಿ ಮಡಚಿ ಬಿಚ್ಚಿ ಕುಣಿಯಿತು. "ಆ ಮುಳ್ಳು ನಿನಗೇ ಇರಲಿ" ಎಂದಿತು.

ಮೂರನೆಯದಾಗಿ ಸಿಕ್ಕಿದ್ದು ಬೋಳು ಬೆಟ್ಟ. ಬೆಟ್ಟದ ತುದಿಯಲ್ಲಿ ಕಬ್ಬಿಣದ ಗರಿಯ ನವಿಲು. ಅದರ ತಲೆಯ ಮೇಲೆ ಮಾತ್ರ ಮಳೆ ಸುರಿಯುತ್ತಿತ್ತು. ಗರಿಯ ಕೀಲೆಲ್ಲ ತುಕ್ಕು.

"ನವಿಲಣ್ಣಾ, ದಾರಿ ಬಿಡು."

"ನನ್ನ ಗರಿ ಒರೆಸು. ಹನಿ ನೀರೂ ಉಳಿಯಬಾರದು. ಉಳಿದರೆ ಈ ಮಳೆ ನಿಲ್ಲೋದಿಲ್ಲ."

ಈ ಸಲ ಕೇದಗೆ ಅವಸರ ಮಾಡಲಿಲ್ಲ. ತುಕ್ಕನ್ನು ನೊರೆ ನೀರಿನಲ್ಲಿ ನೆನೆಸಿದಳು, ಸಂದಿಗಳನ್ನು ಮುಳ್ಳಿನಿಂದ ಬಿಡಿಸಿದಳು, ಮದುವೆ ಸೀರೆಯ ಸೆರಗಿನಿಂದ ಗರಿ ಗರಿ ಒರೆಸಿದಳು. ಒರೆಸಿದ ಮೇಲೂ ಬುಡಕ್ಕೆ ಬಾಯಿ ಇಟ್ಟು ಊದಿದಳು. ಕಡೆಯ ಹನಿ ಆರಿದ್ದೇ ಮೋಡ ಹರಿದು ಬಿಸಿಲು ಬಂತು. ನವಿಲು ಗರಿ ಕೆದರಿತು. ಸಾವಿರ ಗಂಟೆ ಒಟ್ಟಿಗೆ ಮೊಳಗಿದಂತಾಯಿತು. ಅದು ಒಂದು ಗರಿ ಕಿತ್ತು ಕೊಟ್ಟು ಹೇಳಿತು: "ಇದನ್ನು ಬೀಸಿದರೆ ಬೆಚ್ಚನೆ ಗಾಳಿ ಬರುತ್ತೆ. ಕೇಳಮ್ಮ ಹುಡುಗಿ, ಕಿಲುಬಾಕ್ಷ ಕೊಳೆ ತಿಂದು ಬದುಕೋನು. ಅವನ ಪ್ರಾಣ ಇರೋದು ಆ ಸರಪಳಿಯ ಕೊಳೆಯಲ್ಲೇ. ಒಂದು ಕಣ ಉಳಿದರೂ ಅವನು ಉಳೀತಾನೆ."

ಬೆಟ್ಟದಾಚೆ ಮಸಿಯ ಕೋಟೆ. ಒಳಗೆ ಕಿಲುಬಾಕ್ಷ ತಾಳೆಮರದೆತ್ತರ ಕುಳಿತಿದ್ದ, ರಾಜನ ಬಳಿ ಬಂದಿದ್ದ ಸನ್ಯಾಸಿಯ ಅದೇ ಹಸಿರು ಕಣ್ಣು ಪಿಳಿಪಿಳಿ ಬಿಡುತ್ತಿದ್ದ. ಹದ್ದು ಅವನ ಕಾಲ ಬಳಿ ಸಂಕೋಲೆಯಲ್ಲಿತ್ತು. ಸರಪಳಿ ಅವನ ಮುಂದೆಯೇ ಬಿದ್ದಿತ್ತು.

"ಬಾರಮ್ಮ ಮದುವಣಗಿತ್ತಿ! ಸರಪಳಿ ಬೇಕೋ? ಥಳಥಳ ಹೊಳೆಯೋ ಹಾಗೆ ಮಾಡು, ಕೊಡ್ತೀನಿ. ನೋಡು, ಹುಣಸೆಹಣ್ಣು, ಇಟ್ಟಿಗೆಪುಡಿ ಎಲ್ಲ ಇಲ್ಲೇ ಇದೆ. ನಾಲ್ಕು ಸಲ ತಿಕ್ಕಿದರೆ ಆಯಿತು. ಅಲ್ಲಿ ನಿನ್ನ ಗಂಡಿನ ಬೆರಳು ಮರಗಟ್ಟುತ್ತಿದೆಯಂತೆ!"

ಕೇದಗೆಯ ಕೈ ಇಟ್ಟಿಗೆಪುಡಿಯತ್ತ ಹೋಗಿಯೇಬಿಟ್ಟಿತ್ತು. ಆಗ ಕಲ್ಲಿನಿಂದ ಸುಲಿದ ಕೋಣನ ಮೈ ಅವಳ ಕಣ್ಣಿಗೆ ಕಟ್ಟಿತು. ಮೇಲೆ ಹೊಳೆದರೇನು, ಒಳಗಿನದು ಒಳಗೇ ಇರುತ್ತದೆ. ಅವಳು ಕೈ ಹಿಂದೆಗೆದುಕೊಂಡಳು. ಚಕ್ಕಳಬಕ್ಕಳ ಹಾಕಿ ಕುಳಿತು, ಸರಪಳಿಯನ್ನು ಒಂದು ಬಟ್ಟಲಿಗೆ ಹಾಕಿ, ಬುರುಡೆಯ ಬಿಸಿನೀರು ಸುರಿದು, ಹಾಡಲು ಶುರುಮಾಡಿದಳು.

"ಇದೇನು, ತಿಕ್ಕೋದಿಲ್ವಾ?"

"ನೆನೀಲಿ ಮಾವಾ. ಏನವಸರ?"

ನೀರು ಕಪ್ಪಾಯಿತು. ಕಿಲುಬಾಕ್ಷ ತಾಳೆಮರದಿಂದ ಬಾಳೆಗಿಡದಷ್ಟಾದ. ಅವಳು ನೀರು ಚೆಲ್ಲಿ, ಮುಳ್ಳು ತೆಗೆದು, ಕೊಂಡಿ ಕೊಂಡಿಯ ಸಂದಿ ಬಿಡಿಸಿದಳು. ಕಪ್ಪು ಮೇಣ ಎಳೆ ಎಳೆಯಾಗಿ ಹೊರಬಂತು. ಬಾಳೆಗಿಡ ಬದನೆಗಿಡವಾಯಿತು. ಬದನೆಗಿಡ ಬೆಕ್ಕಿನಷ್ಟಾಯಿತು. "ಸಾಕು! ಸಾಕು! ಹೊಳೀತಿದೆ, ಎತ್ಕೊಂಡು ಹೋಗು!" ಎಂದು ಬೆಕ್ಕಿನಷ್ಟು ಗಾತ್ರದ ಮಾಂತ್ರಿಕ ಕಿರುಚಿದ. ಮತ್ತೆ ನೋಡಿದರೆ ಅವನೇ ಇಲ್ಲ. ಸರಪಳಿ ಹೊಸ ಚಿನ್ನದ ಹಾಗೆ ಬೆಳಗುತ್ತಿತ್ತು.

ಆಗ ಕೋಟೆಯ ಹೊರಗಿಂದ ಚೆನ್ನಿಗನ ದನಿ ಕೇಳಿತು. "ಕೇದಗೇ! ಗಡಿಯಾರ ತಣ್ಣಗಾಗ್ತಿದೆ! ಎಷ್ಟು ಹೊತ್ತೇ? ಬೇಗ ಬಾ, ಬೇಗ ಬೇಗ ಬಾ!"

ಅವಳು ದಡಕ್ಕನೆ ಎದ್ದಳು. ಬಾಗಿಲ ತನಕ ಓಡಿದಳು. ಹೊಸ್ತಿಲಲ್ಲಿ ನಿಂತಳು. ಬೇಗ? ಚೆನ್ನಿಗನ ಬಾಯಲ್ಲಿ ಬೇಗ ಎಂಬ ಮಾತೇ? ಅವನ ಅಂಗಡಿಗೆ ಬೆಂಕಿ ಬಿದ್ದಾಗಲೂ ಅವನು ಯಾರಿಗೂ ಬೇಗ ಎಂದವನಲ್ಲ. ಕೇದಗೆಗೆ ನಗು ಬಂತು. ಸರಪಳಿಯನ್ನು ಕಿವಿಯ ಬಳಿ ಹಿಡಿದಳು. ಅದರ ಚಿಲಕದ ಪಕ್ಕದ ಕೊಂಡಿಯೊಳಗೆ ಒಂದೇ ಒಂದು ಹನಿ ಕೊಳೆನೀರು ಉಳಿದಿತ್ತು. ದನಿ ಅದರೊಳಗಿಂದ ಬರುತ್ತಿತ್ತು.

"ಓಹೋ, ಇಲ್ಲಿದ್ದೀಯಾ!" ಎಂದು ಅವಳು ಮತ್ತೆ ಕುಳಿತು ಒಳ್ಳೆ ನೀರಿನಲ್ಲಿ ಜಾಲಾಡಿಸಿದಳು, ಒರೆಸಿದಳು, ನವಿಲುಗರಿ ಬೀಸಿದಳು. ಸರಪಳಿಯನ್ನು ಮಗುವಿನಂತೆ ತಿರುಗಿಸಿ ತಿರುಗಿಸಿ ಬೀಸಿದಳು. ಕಡೆಯ ಹನಿ ಚುಂಯ್ ಎಂದು ಆರಿತು. ಅಷ್ಟೇ. ಕಿಲುಬಾಕ್ಷ ಇಲ್ಲವಾದ, ಮಸಿಯ ಕೋಟೆ ಪುಡಿಯಾಗಿ ಗಾಳಿಗೆ ಹೋಯಿತು. ಹದ್ದಿನ ಸಂಕೋಲೆ ಕಳಚಿ ಅದು ಹೊಂಬಣ್ಣದ ಗರುಡವಾಯಿತು. "ಕದ್ದದ್ದು ನಾನು, ತಲುಪಿಸೋದೂ ನಾನೇ. ಹತ್ತು ತಾಯಿ" ಎಂದು ಬೆನ್ನು ಕೊಟ್ಟಿತು.

ಚಪ್ಪರದಲ್ಲಿ ಚೆನ್ನಿಗ ಇನ್ನೂ ಗಡಿಯಾರ ಒತ್ತಿ ಹಿಡಿದೇ ಇದ್ದ. ಅವನ ಹೆಬ್ಬೆರಳು ನೀಲಿಯಾಗಿತ್ತು. ಕೇದಗೆ ಗರುಡನಿಂದ ಜಿಗಿದು ಅವನ ಬೆರಳಿನ ಮೇಲೆ ತನ್ನ ಬೆರಳಿಟ್ಟಳು.

"ಇನ್ನು ನಾನು ಹಿಡಿದಿರ್ತೀನಿ. ಸರಪಳಿ ನೋಡು ನೀನು."

ಅವನು ಸರಪಳಿಯನ್ನು ಅಂಗೈಯಲ್ಲಿ ಹರಡಿದ. ಕೊಳೆ ಹೋಗಿತ್ತು, ಆದರೆ ಅದು ತಿಂದುಹೋದ ಜಾಗ ಹಾಗೇ ಇತ್ತು. ಕೊಂಡಿಗಳು ಅಲ್ಲಾಡುತ್ತಿದ್ದವು. "ಎಲ್ಲ ಕಡ್ಡಿನೂ ಹೊಸದು ಹಾಕಬೇಕು. ತೂತಿಗೆ ಒಳಬಳೆ ಕೂರಿಸಬೇಕು. ಹೊತ್ತಾಗುತ್ತೆ ಕೇದಗೆ" ಎಂದ ಅಂಜುತ್ತ.

"ಆಗಲಿ. ಚೆನ್ನಾಗಿ ಮಾಡು" ಎಂದಳು ಕೇದಗೆ. ಅವಳ ತಾಯಿ ಮೂಗಿನ ಮೇಲೆ ಬೆರಳಿಟ್ಟುಕೊಂಡಳು.

ಚೆನ್ನಿಗ ಹಿತ್ತಾಳೆ ತಂತಿ ಕತ್ತರಿಸಿ ಅರದಿಂದ ಸವರಿ ಒಂದೊಂದೇ ಕಡ್ಡಿ ಮಾಡಿದ. ಒಂದೊಂದೇ ಕೊಂಡಿ ಕೂರಿಸಿದ. ಕೇದಗೆ ಗಡಿಯಾರ ಹಿಡಿದು ಅವನ ಕೈಕೆಲಸ ನೋಡುತ್ತ ಕುಳಿತಳು. ಅವನ ಕೈ ಅಷ್ಟು ಚೆಂದ ಎಂದು ಅವಳು ಅದುವರೆಗೆ ನೋಡಿರಲೇ ಇಲ್ಲ. ಸರಪಳಿ ಮುಗಿಯಿತು. ರಾಜನ ಮಣಿಕಟ್ಟಿಗೆ ಸುತ್ತಿ ಚಿಲಕ ಒತ್ತಿದರು. ಟಿಕ್ ಎಂದಿತು.

ಸೂರ್ಯ ಒಂದು ಹೆಜ್ಜೆ ಮುಂದಿಟ್ಟ. ಊರಿನ ಕೋಳಿಗಳೆಲ್ಲ ಒಟ್ಟಿಗೆ ಕೂಗಿದವು. ತಡೆದು ನಿಂತಿದ್ದ ಮೊಗ್ಗುಗಳು ಒಟ್ಟಿಗೆ ಬಿರಿದವು. ಹೆರಿಗೆ ನೋವಿನಲ್ಲಿ ನಿಂತಿದ್ದ ಹಸುಗಳೆಲ್ಲ ಕರು ಹಾಕಿದವು. ಕೇರಿ ಕೇರಿಯಲ್ಲಿ ಅನ್ನದ ಘಮ ಎದ್ದಿತು. "ಮುಹೂರ್ತ! ಮುಹೂರ್ತ ಬಂತು!" ಎಂದು ಪುರೋಹಿತರು ಕುಣಿದರು. ಅಂತರಪಟ ಇಳಿಯಿತು, ಓಲಗ ಮೊಳಗಿತು, ಹಾರ ಬಿತ್ತು. ಆಕಾಶವೇ ಕಾಣದಷ್ಟು ಅಕ್ಷತೆ ಬಿತ್ತು.

ರಾಜ ಕೈ ಮುಗಿದು ಎದ್ದು ನಿಂತ. "ಮಗಳೇ, ಭಾಗ್ಯ ತೊಳೆದುಹೋದೀತು ಅಂತ ಹೆದರಿ ನಾಡಿನ ಹೊತ್ತನ್ನೇ ಸವೆಸಿಬಿಟ್ಟೆ. ತೊಳೆಯೋದು ಹೇಗೆ ಅಂತ ನನಗೂ ಹೇಳಿಕೊಡು" ಎಂದ.

"ಹಬ್ಬ ಹಬ್ಬಕ್ಕೆ ತೊಳೀಬೇಕು ಮಹಾಪ್ರಭು. ಗಡಿಯಾರ ಬಿಚ್ಚಿಟ್ಟು, ಸರಪಳಿ ಮಾತ್ರ."

ಮುಂದಿನ ಹಬ್ಬದಲ್ಲಿ ಧವಳರಾಯ ಕಿರೀಟ ತೆಗೆದಿಟ್ಟು ಅರಮನೆಯ ಅಂಗಳದಲ್ಲಿ ಮಣೆ ಹಾಕಿ ಕುಳಿತ. ಗಡಿಯಾರವನ್ನು ರಾಣಿ ಅವನ ನಾಡಿಗೆ ಒತ್ತಿ ಹಿಡಿದಳು. ಅವನು ಇನ್ನೊಂದು ಕೈಯಲ್ಲಿ ಸರಪಳಿ ತೊಳೆದ. ನೊರೆ ಮೊಣಕೈಗೇರಿತು, ಮೀಸೆಗೂ ಹತ್ತಿತು. ಊರ ಮಕ್ಕಳೆಲ್ಲ ಸುತ್ತ ನಿಂತು ನೊರೆಗುಳ್ಳೆ ಊದಿದರು, ರಾಜನೂ ಊದಿದ. ಆ ಗುಳ್ಳೆಗಳು ಬೆಟ್ಟದಾಚೆಗೂ ಹೋದವಂತೆ. ಹೊಂಗಿರಿಯಲ್ಲಿ ಅಂದಿನಿಂದ ಬೆಳಗಾಗಬೇಕಾದಾಗ ಬೆಳಗಾಯಿತು, ಹೂವಾಗಬೇಕಾದಾಗ ಹೂವಾಯಿತು, ಎಲ್ಲರೂ ನಗುತ್ತ ಬಾಳಿದರು. ಹೇಳಿದವರ ಬಾಯಿ ಸಿಹಿಯಾಗಲಿ, ಕೇಳಿದವರ ಕೈ ತಂಪಾಗಲಿ.