ರೆಕ್ಕೆಹುಲಿಯ ಮೇಲೆ ಬಂದ ಕೊಲೆಯ ಆರೋಪ

ಮೋಡಗಳು ಕೆರೆಗಿಳಿದು ನೀರು ಕುಡಿಯುತ್ತಿದ್ದ ಕಾಲದಲ್ಲಿ, ಏಳು ಬೆಟ್ಟಗಳ ಆಚೆ ಹೊನ್ನಂಬಿಗೆ ಎಂಬ ರಾಜ್ಯವಿತ್ತು. ಅಲ್ಲಿನ ಜನರನ್ನು ಯಾರೋ ಒಬ್ಬೊಬ್ಬರನ್ನಾಗಿ ಕಲ್ಲಾಗಿಸುತ್ತಿದ್ದರು. ಯಾರೆಂದು ತಿಳಿಯದು. ಕಲ್ಲಾದವರಿಗೆ ಮತ್ತೆ ಜೀವ ತರಲು ಮುದಿ ವೈದ್ಯ ಸೋವಿದೇವ ತನ್ನ ಶಿಷ್ಯೆ ಪದುಮಲೆಯ ಜೊತೆ ಮದ್ದು ಅರೆಯುತ್ತಿದ್ದ.

ಒಂದು ಬೆಳಗ್ಗೆ ನೋಡಿದರೆ, ಸೋವಿದೇವ ಮದ್ದಿನ ತೋಟದಲ್ಲಿ ಸತ್ತು ಬಿದ್ದಿದ್ದ. ಕುತ್ತಿಗೆಯಲ್ಲಿ ಹಲ್ಲಿನ ಗುರುತು. ಪಕ್ಕದಲ್ಲೇ ತೋಟ ಕಾಯುವ ರೆಕ್ಕೆಹುಲಿ ಕೂತು ಅಳುತ್ತಿತ್ತು. ಸುದ್ದಿ ಕೇಳಿ ಅರಸನೂ ಊರವರೂ ಓಡಿ ಬಂದರು.

"ಹುಲಿಯೇ ಕೊಂದಿದೆ, ಮಹಾಪ್ರಭು. ಮಧ್ಯಾಹ್ನದೊಳಗೆ ಅದನ್ನು ಸುಟ್ಟುಬಿಡಿ," ಎಂದ ಆಸ್ಥಾನದ ಮಂತ್ರವಾದಿ ಜಟಾಕರ್ಣ.

"ಅಯ್ಯೋ, ನನಗೆ ಸೌತೆಕಾಯಿ ಬಿಟ್ಟರೆ ಬೇರೇನೂ ಒಗ್ಗುವುದಿಲ್ಲ!" ಎಂದಿತು ಹುಲಿ.

ಪದುಮಲೆ ಕಣ್ಣೊರೆಸಿಕೊಂಡು ಅರಸ ಚಿತ್ರಬಾಹುವಿಗೆ ಕೈಮುಗಿದಳು. "ಪ್ರಭು, ಗುರುಗಳು ಕಲಿಸಿದ ಹಾಗೆ ಒಮ್ಮೆ ಪರೀಕ್ಷೆ ಮಾಡುತ್ತೇನೆ. ಅಪ್ಪಣೆ ಕೊಡಿ."

ಅರಸ ಒಪ್ಪಿದ.

ಮೊದಲು ಅವಳು ಗಾಯ ನೋಡಿದಳು. "ಜೀವವಿದ್ದಾಗ ಕಚ್ಚಿದ್ದರೆ ರಕ್ತ ಹರಿಯುತ್ತಿತ್ತು. ಬಟ್ಟೆಯ ಮೇಲೆ ಒಂದು ಹನಿಯೂ ಇಲ್ಲ. ಸತ್ತಮೇಲೆ ಈ ಗಾಯ ಮಾಡಿದ್ದಾರೆ."

ಆಮೇಲೆ ಹಸಿ ಮಣ್ಣಿನ ಉಂಡೆಯನ್ನು ಹುಲಿಗೆ ಕಚ್ಚಿಸಿದಳು. ಹುಲಿಯ ಎರಡು ಕೋರೆಹಲ್ಲುಗಳ ನಡುವೆ ನಾಲ್ಕು ಬೆರಳಿನ ಅಂತರ. ಗಾಯದಲ್ಲಿ ಎರಡೇ ಬೆರಳು.

ಮೂರನೆಯದಾಗಿ, ವೈದ್ಯನ ಬಳಿ ಉರುಳಿಬಿದ್ದಿದ್ದ ಬೆಳ್ಳಿಲೋಟ. ಅದರ ಹಾಲು ಕುಡಿದ ಇರುವೆಗಳು ಸತ್ತಿದ್ದವು. "ವಿಷ," ಎನ್ನುತ್ತ ಪದುಮಲೆ ಲೋಟದ ಮೇಲೆ ದೀಪದ ಕಾಡಿಗೆ ಉದುರಿಸಿ ಮೆಲ್ಲಗೆ ಊದಿದಳು. ಹೆಬ್ಬೆರಳ ಗುರುತೊಂದು ಎದ್ದು ಬಂತು, ಸುರುಳಿ ಸುತ್ತಿದ ಗೆರೆ.

ಹೂ ಮಾರುವ ದುಗ್ಗವ್ವ ಗುಂಪಿನಿಂದ ಮುಂದೆ ಬಂದಳು. "ಆ ಹಾಲು ತಂದುಕೊಟ್ಟವರು... ಮಹಾಪ್ರಭುಗಳೇ. ಕಣ್ಣಾರೆ ಕಂಡೆ."

ಎಲ್ಲರೂ ಅರಸನತ್ತ ತಿರುಗಿದರು. ಅರಸ ಪದುಮಲೆಯತ್ತ ಕೈ ಚಾಚಿದ. "ಹೆದರಬೇಡ ಮಗಳೇ, ನನ್ನ ಬೆರಳನ್ನೂ ನೋಡು."

ಅವನ ಹೆಬ್ಬೆರಳಲ್ಲಿ ಸುರುಳಿಯೇ ಇರಲಿಲ್ಲ. "ತಮ್ಮ ರೂಪ ಧರಿಸಿ ಯಾರೋ ಬಂದಿದ್ದರು, ಪ್ರಭು," ಎಂದಳು ಪದುಮಲೆ.

ಜಟಾಕರ್ಣ ಥಟ್ಟನೆ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡ. ಹುಲಿ ಹಾರಿ ಅವನ ಮಣಿಕಟ್ಟನ್ನು ಬಾಯಲ್ಲಿ ಹಿಡಿಯಿತು. ತಪ್ಪಿಸಿಕೊಳ್ಳಲು ಅವನು ಮಂತ್ರ ಹೇಳಿ ಮುದುಕನಾದ, ಪದುಮಲೆ ಹಸಿ ಮಣ್ಣಿಗೆ ಹೆಬ್ಬೆರಳು ಒತ್ತಿಸಿದರೆ ಅದೇ ಸುರುಳಿ. ಸೈನಿಕನಾದ, ಅದೇ ಸುರುಳಿ. ಅರಸನೇ ಆದ, ಆಗಲೂ ಅದೇ ಸುರುಳಿ.

"ಬೆರಳ ತುದಿಗೆ ನಿನ್ನ ಮಂತ್ರ ತಾಗಲೇ ಇಲ್ಲವಲ್ಲ," ಎಂದಳು ಪದುಮಲೆ.

"ಕಲ್ಲಾದವರು ಎದ್ದರೆ ನನ್ನ ಹೆಸರು ಹೇಳುತ್ತಿದ್ದರು! ಅದಕ್ಕೇ ಕೊಂದು, ಹುಲಿಯ ಮೇಲೆ ಹೊರಿಸಲು ಹಲ್ಲಿನ ಗುರುತು ಮಾಡಿದೆ!" ಎಂದು ಮಂತ್ರವಾದಿ ಕಿರುಚಿದ. ಅರಸ ಅವನ ಮಂತ್ರದಂಡ ಮುರಿದು ಸೆರೆಮನೆಗೆ ಕಳಿಸಿದ.

ಗುರುವನ್ನು ನೆನೆಯುತ್ತ ಪದುಮಲೆ ಉಳಿದ ಮದ್ದನ್ನು ಅರೆದು ಮುಗಿಸಿದಳು. ಚಿಮುಕಿಸಿದ್ದೇ ತಡ, ನಲವತ್ತು ಕಲ್ಲುಗಳು ಒಟ್ಟಿಗೆ ಸೀನಿ ಎದ್ದು ನಿಂತವು! ಅಳುತ್ತಿದ್ದವಳು ನಕ್ಕುಬಿಟ್ಟಳು.

"ಅರ್ಧ ರಾಜ್ಯ ಕೇಳಿದರೂ ಕೊಟ್ಟೆ," ಎಂದ ಅರಸ.

"ಪರೀಕ್ಷಿಸದೆ ಯಾರನ್ನೂ ಶಿಕ್ಷಿಸುವುದಿಲ್ಲವೆಂದು ಮಾತು ಕೊಡಿ ಪ್ರಭು, ಅಷ್ಟು ಸಾಕು."

ಅರಸ ಮಾತು ಕೊಟ್ಟ, ಉಳಿಸಿಕೊಂಡ. ಆ ರಾಜ್ಯದಲ್ಲಿ ಮನುಷ್ಯರೂ ಮೃಗಗಳೂ ಸುಳ್ಳು ಆರೋಪಕ್ಕೆ ಅಂಜದೆ ನಗುನಗುತ್ತ ಬಾಳಿದರು.