ಗುಡ್ಲಿನ ಫೋಟೋ

ರಾಗಿ ಹಿಟ್ಟಿನ ಡಬ್ಬದೊಳಗೆ ಏನೋ ಗುಂಯ್‌ಗುಟ್ಟಿತು. ಕೈ ಹಾಕಿದೆ. ತಂಗಿ ಧನುಶ್ರೀಯ ಫೋನು!

ಪರದೆಯ ಮೇಲೆ ಅವಳದೇ ಫೋಟೋ. ಹೋದ ತಿಂಗಳು ಮೈನೆರೆದಾಗ ಅವಳನ್ನು ಬೇರೆ ಕೂರಿಸಲು ಹಿತ್ತಲಲ್ಲಿ ಹಾಕಿದ್ದ ಗರಿಯ ಗುಡ್ಲು. ಮುದುರಿದ ತೆಂಗಿನ ಗರಿಗಳ ನಡುವೆ ಬಾಯಿ ತೆರೆದು ನಿದ್ದೆ ಹೋಗಿದ್ದಾಳೆ. ಕೆಳಗೆ: "ಗುಡ್ಲು ರಾಣಿ, ಸ್ನಾನ ಆಯ್ತಾ?" ಗೊತ್ತಿಲ್ಲದ ನಂಬರ್. ಕ್ಲಾಸಿನವರಿಗೆಲ್ಲ ಹೋಗಿದೆ. ಎಲ್ಲರೂ ನಗುವ ಮುಖ ಹಾಕಿದ್ದಾರೆ.

ಒಂದು ವಾರದಿಂದ ಶಾಲೆ, ಊಟ ಎರಡೂ ಬಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿರುವುದು ಇದಕ್ಕೇನಾ? ನಾವು ದೃಷ್ಟಿ ಎಂದುಕೊಂಡು ನಿವಾಳಿಸಿದ್ದೆವು!

"ಯಾರೇ ಇದು, ಧನು?"

"ಎಲ್ಲಾರೂ, ಅಕ್ಕ."

ಕೊಡಿಗೇಹಳ್ಳಿಯ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಹೆಡ್ ಕಾನ್‌ಸ್ಟೆಬಲ್ ರಾಧಾಮಣಿಯವರನ್ನು ಕರೆದೆ.

"ಯಾರ ಮೇಲೆ ಅನುಮಾನ?"

"ಮೊಬೈಲ್ ಅಂಗಡಿ ಮುರುಗೇಶ್. ಗುಡ್ಲು ಹಾಕಿ ಆರತಿ ಮಾಡಿದ ದಿನ ಫೋಟೋ ತೆಗೆದಿದ್ದು ಅವನೇ."

ಕರೆಸಿದಾಗ ಮುರುಗೇಶ್ ತನ್ನ ಫೋನನ್ನೇ ಮುಂದಿಟ್ಟ. "ನೋಡ್ಕೊಳ್ಳಿ ಮೇಡಂ. ನಂಗೂ ತಂಗಿ ಇದಾಳೆ ಕಣ್ರೀ." ಅದರಲ್ಲಿ ಈ ಫೋಟೋ ಇರಲಿಲ್ಲ. ಅಳಿಸಿರಬಹುದಾ?

"ನಂಬರ್ ಪತ್ತೆ ಮಾಡಿಸಬಹುದು. ಆದ್ರೆ ಅಲ್ಲೀವರೆಗೂ ಈ ಮಗು ಉಪವಾಸ ಇರ್ಬೇಕಾ?" ಎಂದರು ರಾಧಾಮಣಿ.

ಅಷ್ಟರಲ್ಲಿ ಸೋದರಮಾವನ ಮಗಳು, ಧನುವಿನ ಕ್ಲಾಸಿನವಳೇ ಆದ ಆಶಾರಾಣಿ ನೋಟ್ಸ್ ಕೊಡಲು ಬಂದಳು. ಫೋಟೋ ನೋಡಿ, "ಆರತಿ ದಿನ ಯಾರೋ ತೆಗೆದಿರ್ತಾರೆ ಬಿಡಿ ಆಂಟಿ. ಎಲ್ರ ಕೈಲೂ ಫೋನ್ ಇತ್ತು."

"ಆರತಿ ದಿನವೇನಾ?"

"ಮತ್ತಿನ್ಯಾವಾಗ?"

ರಾಧಾಮಣಿ ಫೋನನ್ನು ನನ್ನ ಕಡೆ ತಿರುಗಿಸಿದರು. "ಗರಿ ನೋಡಮ್ಮ. ಆರತಿಗೆ ನಾನೂ ಬಂದಿದ್ದೆ. ನಿಮ್ಮ ಮಾವ ಆಗ ತಾನೇ ಕಡಿದು ತಂದಿದ್ರು, ಹಸಿರಾಗಿತ್ತು. ಇಲ್ಲಿ ಒಣಗಿ ಕಂದಾಗಿದೆ. ಇಷ್ಟು ಒಣಗಿದೆ ಅಂದ್ರೆ ಕೊನೇ ದಿನದ್ದೇ, ಸ್ನಾನ ಮಾಡಿಸಿ ಗುಡ್ಲು ಸುಡೋಕೆ ಮುಂಚೆ. ಅವತ್ತು ಯಾರು ಬಂದಿದ್ರು?"

"ಮಾವನ ಮನೆಯವರು ಮಾತ್ರ."

"ಅವಳ ಹತ್ರ ಹೋಗಿದ್ದು?"

ಆರತಿ ಮುಗಿದ ಮೇಲೆ, ಅವಳು ಸ್ನಾನ ಮಾಡುವವರೆಗೆ ಗಂಡಸರು ಗುಡ್ಲಿನ ಹತ್ತಿರ ಸುಳಿಯುವುದಿಲ್ಲ. ಊಟದ ತಟ್ಟೆ ತೆಗೆದುಕೊಂಡು ಹೋದವಳು —

"ಆಶಾ?"

ಅವಳ ಕೈಯಿಂದ ನೋಟ್ಸ್ ಜಾರಿತು. "ಮುಂಚೆ ಕ್ಲಾಸಿನವರೆಲ್ಲ ನನ್ನ ಹಲ್ಲಿನ ಫೋಟೋ ಹಾಕಿ ನಗ್ತಿದ್ರು ಅಕ್ಕ. ದಿನಾ. ಅಪ್ಪನ ಹಳೇ ಸಿಮ್ಮಿಂದ ಇದನ್ನ ಕಳಿಸ್ದೆ... ನನ್ನ ಬಿಟ್ಬಿಟ್ರು."

"ನೀನೇ ಕಳಿಸಿದ್ದು ಅಂತ ಎಲ್ರಿಗೂ ಬರಿ," ಎಂದರು ರಾಧಾಮಣಿ.

"ಮತ್ತೆ ನನ್ನೇ ಹಿಡ್ಕೋತಾರೆ ಆಂಟಿ..." ಅಳುತ್ತಲೇ ಬರೆದಳು.

ಮೊದಲ ಸಲ ಧನು ಗೋಡೆಯಿಂದ ಇತ್ತ ತಿರುಗಿದಳು. ಆಶಾಳನ್ನು ತುಂಬ ಹೊತ್ತು ನೋಡಿದಳು.

"ಅಕ್ಕ, ಹಸಿವು."

ಅಡುಗೆಮನೆಗೆ ಓಡಿದೆ. ತಟ್ಟೆ ತೆಗೆಯುವಾಗ ಕೈ ನಿಂತಿತು. ಒಂದು ತೆಗೆಯಲೋ, ಆಶಾಳಿಗೂ ಸೇರಿ ಎರಡೋ?